ಟ್ಯಾಂಕು ನೋಡಿ ಬಂದ ಗೆಳೆಯರೇ, ಇನ್ನು ತೋಪೆಳೆದ ಎತ್ತಿನ ಸೀಮೆಗೆ ಬನ್ನಿ



ಅಹಮದ್‌ನಗರದ ಟ್ಯಾಂಕ್ ಮ್ಯೂಸಿಯಂ ನೋಡಿ ಬಂದಾಗಿನಿಂದ ಮುಂದಿನ ಪ್ರವಾಸ ಎಲ್ಲಿಗೆ ಎಂಬ ಮಾತು ನಮ್ಮ ಇತಿಹಾಸ ಬಳಗದಲ್ಲಿ ನಡೆದಿದೆ. ಕಾರವಾರದ ಕಡಲತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆ ಎಂದು ಕೆಲವರು, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ ಎಂದು ಕೆಲವರು, ಯಲಹಂಕದ ಏರೋ ಇಂಡಿಯಾ ಬರುವವರೆಗೆ ಕಾಯೋಣ ಎಂದು ಇನ್ನು ಕೆಲವರು ಹೇಳಿದ್ದೀರಿ. ಮೂರೂ ನೋಡಬೇಕಾದ ಜಾಗಗಳೇ. ಆದರೂ ಈ ಸಲ ಎಲ್ಲರೂ ಅಜ್ಜಂಪುರಕ್ಕೆ ಬನ್ನಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಹೇಳಿದರೆ ನಾಲ್ಕು ಮಾತಿನ ನಡುವೆ ಕಳೆದುಹೋಗುತ್ತದೆ. ನಮ್ಮ ಬಳಗದ ಹೊರಗಿನ ಇತಿಹಾಸಪ್ರಿಯರೂ ಓದಲಿ ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆದಿದ್ದೇನೆ.

ಅಹಮದ್‌ನಗರದಲ್ಲಿ ನಾವು ಕಂಡದ್ದು ಕಡಿಮೆಯೇನಲ್ಲ. ಉಕ್ಕಿನ ಕವಚ ತೊಟ್ಟ ರೋಲ್ಸ್‌ರಾಯ್ಸ್ ಕಾರು, ಎರಡನೇ ಮಹಾಯುದ್ಧದ ಮಟಿಲ್ಡಾ, ವ್ಯಾಲೆಂಟೈನ್, ಶರ್ಮನ್, 1965ರ ಯುದ್ಧದಲ್ಲಿ ಎದುರುಬದುರಾದ ಸೆಂಚುರಿಯನ್ ಮತ್ತು ಪ್ಯಾಟನ್, ಅದೇ ವರ್ಷ ಆವಡಿಯ ಕಾರ್ಖಾನೆಯಿಂದ ಹೊರಬರಲು ಶುರುವಾದ ನಮ್ಮದೇ ವಿಜಯಂತ. ಒಂದೊಂದರ ಮುಂದೆಯೂ ನಿಮ್ಮ ಪ್ರಶ್ನೆಗಳು ಒಂದೇ ಬಗೆಯವು. ಎಂಜಿನ್ ಎಷ್ಟು ಕುದುರೆ ಶಕ್ತಿಯದು, ತೂಕ ಎಷ್ಟು, ಗಂಟೆಗೆ ಎಷ್ಟು ದೂರ ಹೋಗುತ್ತದೆ, ಒಂದು ಸಲ ಎಣ್ಣೆ ತುಂಬಿದರೆ ಎಲ್ಲಿಯವರೆಗೆ ಓಡುತ್ತದೆ. ಸೇನೆಯಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು ಶಕ್ತಿಮಾನ್ ಲಾರಿಯನ್ನು ಗುಡ್ಡಗಾಡಿನಲ್ಲಿ ಓಡಿಸಿದ ಕಥೆಯನ್ನು ಅಲ್ಲೇ ನಿಂತು ಹೇಳಿದರು. ಶತ್ರುವಿಗಿಂತ ಮೊದಲು ಏರುದಾರಿಯನ್ನೂ ಕೆಸರನ್ನೂ ಗೆಲ್ಲಬೇಕಿತ್ತು ಎಂದು ಅವರು ಅಂದದ್ದು ನಿಮಗೂ ನೆನಪಿರಬೇಕು. ಸೇನೆಯ ವಾಹನದ ಬಗ್ಗೆ ನಾನು ಕೇಳಿದ ಅತ್ಯಂತ ತಿಳಿವಳಿಕೆಯ ಮಾತು ಅದು. ಬಂದೂಕು, ತೋಪು, ಮದ್ದುಗುಂಡು, ಅಕ್ಕಿ ಎಲ್ಲವನ್ನೂ ಬೇಕಾದ ಜಾಗಕ್ಕೆ ಬೇಕಾದ ಹೊತ್ತಿಗೆ ಮುಟ್ಟಿಸಿದವನೇ ಗೆಲ್ಲುತ್ತಾನೆ.

ಹಾಗಾದರೆ ಎಂಜಿನ್ ಬರುವುದಕ್ಕೆ ಮುಂಚೆ ಅದನ್ನು ಮುಟ್ಟಿಸುತ್ತಿದ್ದವರು ಯಾರು? ಈ ಪ್ರಶ್ನೆಯನ್ನು ನಮ್ಮ ಬಳಗ ಒಮ್ಮೆಯೂ ಗಟ್ಟಿಯಾಗಿ ಕೇಳಿಕೊಂಡಿಲ್ಲ. ಅಹಮದ್‌ನಗರದಲ್ಲೇ 1549ರಲ್ಲಿ ಎರಕ ಹೊಯ್ದ ಮಲಿಕ್‌-ಎ-ಮೈದಾನ್ ತೋಪು ಈಗ ವಿಜಯಪುರದ ಶೆರ್ಜಾ ಬುರುಜಿನ ಮೇಲಿದೆ. ಸುಮಾರು 55 ಟನ್ ತೂಗುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅಂದರೆ ನಾವು ನೋಡಿ ಬಂದ ವಿಜಯಂತ ಟ್ಯಾಂಕಿಗಿಂತ ಭಾರ. 1632ರಲ್ಲಿ ಅದನ್ನು ವಿಜಯಪುರಕ್ಕೆ ತಂದದ್ದು 10 ಆನೆ, 400 ಎತ್ತು ಮತ್ತು ನೂರಾರು ಆಳುಗಳು ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ತೋಪು ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂದು ತೋಪಿನ ಮೇಲೇ ಕೆತ್ತಿದೆ. ಎಳೆದು ತಂದ ಎತ್ತುಗಳು ಯಾವ ಸೀಮೆಯವು, ಹೊಡೆದುಕೊಂಡು ಬಂದವರು ಯಾರು ಎಂಬುದು ಎಲ್ಲೂ ಕೆತ್ತಿಲ್ಲ.

ಮೈಸೂರು ಸೀಮೆಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಉಂಟು, ಮತ್ತು ಅದು ನಮ್ಮೂರು ಬುಕ್ಕಾಂಬುಧಿಯ ಪಕ್ಕದಲ್ಲೇ ಇವತ್ತೂ ಮೇಯುತ್ತಿದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆ ಗಟ್ಟಿಯಾಯಿತು. ರಾಜ್ಯದುದ್ದಕ್ಕೂ ಅದಕ್ಕೆ ಕಾವಲುಗಳನ್ನು, ಎಂದರೆ ಹುಲ್ಲುಗಾವಲುಗಳನ್ನು, ಬಿಟ್ಟುಕೊಟ್ಟರು. ಹೆಸರು ಬೆಣ್ಣೆಯದಾದರೂ ಈ ದನಗಳ ನಿಜವಾದ ಬೆಲೆ ಗೊತ್ತಾದದ್ದು ಹೈದರ್ ಅಲಿಗೆ. ಹಾಲು ಕಡಿಮೆ, ಆದರೆ ಕಾಲು ಗಟ್ಟಿ, ಗೊರಸು ಗಟ್ಟಿ. ಒಣಹುಲ್ಲು ತಿಂದು ದಿನವಿಡೀ ನಡೆಯಬಲ್ಲ ಜೀವಗಳು. ಹೈದರ್ ಅವನ್ನು ತೋಪಿನ ಗಾಡಿಗೆ, ಸಾಮಾನಿನ ಗಾಡಿಗೆ ಕಟ್ಟಿದ. ಅವನ ಬಳಿ 60,000 ಎತ್ತುಗಳಿದ್ದವೆಂದು ಹೇಳುವುದುಂಟು. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ, ದನ ಸಾಕುವುದಕ್ಕೆ ಹುಕುಂನಾಮೆಯನ್ನೇ ಹೊರಡಿಸಿದ.

ಟ್ಯಾಂಕಿನ ಮುಂದೆ ನೀವು ಕೇಳಿದ ಪ್ರಶ್ನೆಗಳನ್ನೇ ಈ ಎತ್ತಿಗೂ ಕೇಳಿ ನೋಡಿ, ಉತ್ತರಗಳಿವೆ. ವೇಗ ಎಷ್ಟು? 1781ರಲ್ಲಿ ಚಿದಂಬರವನ್ನು ಉಳಿಸಿಕೊಳ್ಳಲು ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ. ಅಂದರೆ 160 ಕಿಲೋಮೀಟರ್, ತೋಪುಗಳ ಸಮೇತ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಪರ್ಯಾಯ ದ್ವೀಪವನ್ನೇ ಒಂದು ತಿಂಗಳಲ್ಲಿ ದಾಟಿದ. ಬ್ರಿಟಿಷ್ ಜನರಲ್ ಮೆಡೋಸ್ ಎದುರು ಎರಡು ದಿನಕ್ಕೆ 63 ಮೈಲಿ ಹೋದ. ಮುಂದೆ ಇದೇ ಎತ್ತುಗಳು ಕಂಪನಿ ಸರಕಾರದ ಪಾಲಾದ ಮೇಲೆ ಜನರಲ್ ಪ್ರಿಟ್ಸ್ಲರ್ ಪೇಶ್ವೆ ಬಾಜಿರಾಯನನ್ನು ಅಟ್ಟಿಸಿಕೊಂಡು 25 ದಿನದಲ್ಲಿ 346 ಮೈಲಿ ಹೋದ. ಈ ಲೆಕ್ಕಗಳೆಲ್ಲ ಬ್ರಿಟಿಷರೇ ಬರೆದಿಟ್ಟವು. ಅವರಿಗೆ ಇನ್ನೂ ಒಂದು ವಿಷಯ ಅಚ್ಚರಿ ಹುಟ್ಟಿಸಿತ್ತು. ಹೈದರ್ ಸೋತಾಗಲೂ ತೋಪು ಬಿಟ್ಟು ಹೋಗುತ್ತಿರಲಿಲ್ಲ, ಅವರ ಕಣ್ಣೆದುರೇ ಎಳೆಸಿಕೊಂಡು ಹೋಗುತ್ತಿದ್ದ. ಸೋತ ದಿನ ತೋಪು ಉಳಿಸಿಕೊಂಡವನು ಮರುತಿಂಗಳು ಮತ್ತೆ ಯುದ್ಧಕ್ಕೆ ನಿಲ್ಲಬಲ್ಲ. ನನ್ನ ಮಟ್ಟಿಗೆ ಇದು ನೂರು ಮೈಲಿಯ ಓಟಕ್ಕಿಂತ ದೊಡ್ಡ ಸಂಗತಿ.

ಬಾಳಿಕೆ ಎಷ್ಟು? ಹಳೆಯ ಗೆಜೆಟಿಯರುಗಳ ಪ್ರಕಾರ ಏಳನೇ ವರ್ಷಕ್ಕೆ ಪೂರ್ತಿ ಬಲ, ಹನ್ನೆರಡು ದಾಟಿದರೆ ಇಳಿಮುಖ, ಹದಿನಾಲ್ಕು ಹದಿನೈದರವರೆಗೆ ದುಡಿಮೆ. ತಯಾರಾಗುವುದು ಹೇಗೆ? ಕಾವಲಿನಲ್ಲಿ ಅರೆಕಾಡಾಗಿ ಬೆಳೆದ ಹೋರಿಗಳನ್ನು ದೊಡ್ಡಿಗೆ ಅಟ್ಟಿ, ಕುಣಿಕೆ ಹಾಕಿ ಹಿಡಿದು, ದಿಮ್ಮಿ ಎಳೆಸಿ, ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ಹದಕ್ಕೆ ತರುತ್ತಿದ್ದರು. ಇಂಧನ ಎಲ್ಲಿಂದ? ಇಲ್ಲಿಗೆ ಬಂದರೆ ಮೈಸೂರಿನವರ ಬುದ್ಧಿ ತಿಳಿಯುತ್ತದೆ. ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂದು ವಿಂಗಡಿಸಿದ್ದರು. ಮಳೆ ಬಿದ್ದಲ್ಲಿ ಮಳೆಗಾಲ ಮೇಯಬೇಕು, ಬೇಸಿಗೆಗೆ ಕೆರೆಯಂಗಳ, ಹಳ್ಳದ ದಂಡೆ, ನೆರಳಿರುವ ಕಾವಲಿಗೆ ದಾಟಬೇಕು. ಒಂದು ಹಿಂಡನ್ನು ನೋಡಿಕೊಳ್ಳಲು ಸೇರ್ವೆಗಾರ, ಅವನ ಕೈಕೆಳಗೆ ಕಾವಲುಗಾರರು. ಕಾವಲಿನೊಳಗೆ ಊರ ದನ ಬಿಡುವಂತಿಲ್ಲ. ದಂಡು ಹೋಗಬೇಕಾದ ದಾರಿಯುದ್ದಕ್ಕೂ ಹುಲ್ಲು ಬೆಳೆಸಿಟ್ಟ ರಾಜ್ಯ ಅದು. ಇವತ್ತಿನ ಸೇನೆ ಗಡಿಯ ರಸ್ತೆಗಳ ಪಕ್ಕ ಎಣ್ಣೆಯ ಡಿಪೋ ಇಟ್ಟುಕೊಂಡ ಹಾಗೆ.

ಇಂಥ ಮೇವಿನ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1791ರ ಮೇ ತಿಂಗಳೇ ಸಾಕ್ಷಿ. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಅರಕೆರೆ ಹತ್ತಿರ ಕಾಳಗ ಗೆದ್ದ. ಆದರೆ ಅವನ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾಲುಸಾಲಾಗಿ ಸತ್ತವು. ಟಿಪ್ಪು ದಾರಿಯ ಹುಲ್ಲನ್ನೂ ಕಾಳನ್ನೂ ಮೊದಲೇ ಸುಡಿಸಿದ್ದ. ಸಿಪಾಯಿಗಳೇ ತೋಪಿನ ಗಾಡಿಗೆ ಹೆಗಲು ಕೊಡಬೇಕಾಯಿತು. ಕೊನೆಗೆ ಕೋಟೆ ಒಡೆಯಲೆಂದು ಅಷ್ಟು ದೂರದಿಂದ ತಂದ ಭಾರೀ ತೋಪುಗಳನ್ನು ಕನ್ನಂಬಾಡಿ ಬಳಿ ಅವನೇ ಒಡೆಸಿ ಹಾಕಿ ಬೆಂಗಳೂರಿಗೆ ಹಿಂದಿರುಗಿದ. ಗೆದ್ದ ಸೇನಾಪತಿ ಎತ್ತಿಲ್ಲದೆ ಸೋತು ಹೋದ ಕಥೆ ಇದು. ಮರುವರ್ಷದ ದಂಡಯಾತ್ರೆಗೆ ಅವನು ಮೊದಲು ಮಾಡಿದ ಕೆಲಸಗಳಲ್ಲೊಂದು ಬಂಜಾರರನ್ನು, ಎಂದರೆ ಲಂಬಾಣಿಗಳನ್ನು, ಗೊತ್ತುಮಾಡಿಕೊಂಡದ್ದು. ಹೇರೆತ್ತುಗಳ ಮೇಲೆ ಕಾಳು ಹೊತ್ತು ದಂಡಿನ ಹಿಂದೆ ಬರುತ್ತಿದ್ದ ಆ ಜನರ ತಾಂಡಾಗಳು ಇವತ್ತು ನಮ್ಮ ತರೀಕೆರೆ, ಅಜ್ಜಂಪುರ, ಕಡೂರಿನ ಸುತ್ತ ಎಷ್ಟಿವೆ ಎಂದು ನಿಮಗೆ ಹೇಳಬೇಕಿಲ್ಲ. ದಕ್ಷಿಣದ ಯುದ್ಧಗಳ ಇತಿಹಾಸದಲ್ಲಿ ಲಂಬಾಣಿ ಹಿರಿಯರಿಗೆ ಒಂದು ಸಾಲಾದರೂ ಸಿಗಬೇಕು. ಬಳಗದಲ್ಲಿ ಯಾರಾದರೂ ತಾಂಡಾಗಳಿಗೆ ಹೋಗಿ ಹೇರೆತ್ತಿನ ಹಾಡು, ಕಥೆಗಳನ್ನು ಕೇಳಿ ಬರೆದುಕೊಂಡರೆ ಅದೇ ಒಂದು ದೊಡ್ಡ ಕೆಲಸ.

1799ರಲ್ಲಿ ಟಿಪ್ಪು ಮಡಿದ ನಂತರ ಈ ಪಾಠ ಚೆನ್ನಾಗಿ ಕಲಿತವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ಪಕ್ಕದ ಚನ್ನಗಿರಿಯಲ್ಲಿ ಹುಟ್ಟಿದ ಬಂಡಾಯಗಾರ ಧೋಂಡಿಯಾ ವಾಘನನ್ನು 1800ರಲ್ಲಿ ಬೆನ್ನಟ್ಟಿದ್ದು ಅವನೇ. 1803ರಲ್ಲಿ ಪುಣೆಗೆ ದಂಡೆತ್ತಿ ಹೋಗುವಾಗ ಅವನು ಸೇನೆ ಕೂಡಿಸಿದ್ದು ನಮ್ಮ ನೆರೆಯ ಹರಿಹರದಲ್ಲಿ. ಆ ವರ್ಷಗಳ ಅವನ ಪತ್ರಗಳನ್ನು ತೆರೆದರೆ ಎತ್ತು, ಅಕ್ಕಿ, ಮತ್ತೆ ಎತ್ತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾಗಲಿದ್ದ ಅವನು ಸ್ಪೇನ್, ಪೋರ್ಚುಗಲ್ಲುಗಳಲ್ಲಿ ನೆಪೋಲಿಯನ್ನನ ಸೇನೆಯೊಂದಿಗೆ ಹೋರಾಡುವಾಗ ಮೈಸೂರಿನ ಎತ್ತುಗಳು ಇಲ್ಲಿರಬೇಕಿತ್ತು ಎಂದು ಹಲುಬಿದನಂತೆ. ಯೂರೋಪಿನ ಆ ಮಹಾಯುದ್ಧದ ಕಥೆಯಲ್ಲಿ ನಮ್ಮ ಕಾವಲಿನ ನೆನಪು ಬರುತ್ತದೆಂದರೆ ನನಗೆ ಈಗಲೂ ಮೈ ಝುಂ ಎನ್ನುತ್ತದೆ.

ಆಮೇಲಿನ ಕಥೆ ಏಳುಬೀಳಿನದು. ಕಂಪನಿಯವರ ಕೈಯಲ್ಲಿ ಹಿಂಡು ಸೊರಗಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ಬಂದು ಹತ್ತು ವರ್ಷದಲ್ಲಿ ಎತ್ತಿ ನಿಲ್ಲಿಸಿದ. ಹುಣಸೂರು ಮುಖ್ಯ ಠಾಣೆಯಾಯಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಸಿದ. ಬಹಳಷ್ಟನ್ನು ಈಜಿಪ್ಟಿನ ಪಾಷಾ ಕೊಂಡುಕೊಂಡ. ಕೆಲವೇ ವರ್ಷಗಳಲ್ಲಿ ಸೇನೆಗೆ ಎತ್ತು ಸಿಗದೆ ಮತ್ತೆ ಇಲಾಖೆ ಕಟ್ಟಬೇಕಾಯಿತು. ಎಷ್ಟೋ ತಲೆಮಾರು ಕೂಡಿಸಿದ್ದನ್ನು ಒಂದು ಆದೇಶದಲ್ಲಿ ಚೆಲ್ಲಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಅಮೃತ ಮಹಲ್ ದನವನ್ನು ಸರಕಾರ ಇವತ್ತು ಪ್ರಧಾನವಾಗಿ ಉಳಿಸಿಕೊಂಡಿರುವುದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ. ಬೀರೂರು, ಲಿಂಗದಹಳ್ಳಿ, ಬಾಸೂರು ಹೀಗೆ ಸುತ್ತಲಿನ ಕಾವಲುಗಳಲ್ಲಿ ಅದರ ಹಿಂಡುಗಳು. ಬೂದಿ ಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೇರಿ ತುದಿಯಲ್ಲಿ ಈಟಿಯಂತೆ ಚೂಪಾಗುವ ಕೊಂಬು, ಕಪ್ಪು ಮುಸುಡಿ, ಸಣ್ಣ ಗಟ್ಟಿ ಗೊರಸು. ತನ್ನನ್ನು ಸಾಕಿದವನನ್ನು ಬಿಟ್ಟು ಬೇರೆಯವರನ್ನು ಸುಲಭವಾಗಿ ಹತ್ತಿರ ಸೇರಿಸದ ಸ್ವಭಾವ. ವರ್ಷಕ್ಕೊಮ್ಮೆ ಹೋರಿಕರುಗಳ ಹರಾಜು ನಡೆಯುತ್ತದೆ. ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ಕಡೆಯ ರೈತರು ಜೋಡಿ ಕರುವಿಗೆ ಲಕ್ಷ ದಾಟಿ ಕೂಗುವುದೂ ಉಂಟು. ಆ ದಿನ ಅಲ್ಲಿ ನಿಂತು ನೋಡಿದರೆ, ಟ್ಯಾಂಕಿನ ಮುಂದೆ ನಾವು ಕೇಳಿದ ಪ್ರಶ್ನೆಗಳನ್ನೇ ರೈತರು ಕರುವಿನ ಕಾಲು ಮುಟ್ಟಿ, ಹೆಗಲು ತಡವಿ, ಸುಳಿ ನೋಡಿ ಕೇಳುತ್ತಿರುತ್ತಾರೆ.

ಮ್ಯೂಸಿಯಮ್ಮಿನ ವಾಹನಗಳು ಯಾವತ್ತೋ ನಿಂತುಹೋದವು. ಅವನ್ನು ಬಣ್ಣ ಬಳಿದು ಕಾಪಾಡಬಹುದು. ಅಮೃತ ಮಹಲ್ ಹಾಗೆ ಉಳಿಯುವಂಥದ್ದಲ್ಲ. ಅದಕ್ಕೆ ಕಾವಲು ಬೇಕು, ಮತ್ತು ಕಾವಲು ಕರಗುತ್ತಿದೆ. ಹೆಚ್ಚು ಆಹಾರ ಬೆಳೆಯಬೇಕೆಂಬ ಕಾಲದಲ್ಲಿ ಸಾಗುವಳಿಗೆ ಹೋಯಿತು, ಒತ್ತುವರಿಗೆ ಹೋಯಿತು, ನೆಡುತೋಪಿಗೆ ಹೋಯಿತು. ಹಸಿದ ಜನಕ್ಕೆ ಭೂಮಿ ಕೊಟ್ಟದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಕಾವಲೆಂದರೆ ಪಾಳುಭೂಮಿ ಎಂದು ಕಡತದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಒಪ್ಪಲಾರೆ. ಹುಲ್ಲು ಬೆಳೆದ ನೆಲ ಪಾಳಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಸುಮಾರು ಏಳು ಚದರ ಕಿಲೋಮೀಟರ್ ಜಾಗ. ದಂಡಿನ ಎತ್ತಿಗೆಂದು ಕಾಪಾಡಿದ ಹುಲ್ಲು ಜಿಂಕೆಯನ್ನೂ ಉಳಿಸಿತು.

ಚಳ್ಳಕೆರೆಯ ಕಥೆಯಂತೂ ನಮ್ಮ ಬಳಗದವರೆಲ್ಲ ತಿಳಿಯಬೇಕಾದದ್ದು. ಅಲ್ಲಿನ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆಯನ್ನು ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ದನ, ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ವರವು ಕಾವಲಿನಲ್ಲಿ ಡಿಆರ್‌ಡಿಒ ಕಟ್ಟಿದ ವಿಮಾನ ಪರೀಕ್ಷಾ ನೆಲೆಯಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲ ಸಲ ಹಾರಿತು. ಹದಿನೆಂಟನೇ ಶತಮಾನದಲ್ಲಿ ತೋಪಿನ ಎತ್ತು ಬೆಳೆಸಿದಂಥ ಕಾವಲಿನ ಮೇಲೆ ಇಪ್ಪತ್ತೊಂದನೇ ಶತಮಾನದ ಸೇನಾ ವಾಹನ ಹಾರುತ್ತಿದೆ. ಏರೋ ಇಂಡಿಯಾದಲ್ಲಿ ಡ್ರೋನು ನೋಡಿ ಚಪ್ಪಾಳೆ ತಟ್ಟುವ ನಾವು, ಅದು ಮೇಲೇಳುವ ನೆಲದ ಹೆಸರೂ ಇತಿಹಾಸವೂ ಏನು ಎಂದು ಕೇಳಬೇಡವೇ? ದೇಶದ ರಕ್ಷಣೆಯೂ ಬೇಕು, ಕಾವಲೂ ಬೇಕು. ಎರಡನ್ನೂ ಒಟ್ಟಿಗೆ ಯೋಚಿಸಿದ ರಾಜ್ಯ ಇಲ್ಲೇ ಇತ್ತು ಎಂಬುದನ್ನು ಇತಿಹಾಸ ಓದುವವರಲ್ಲದೆ ಬೇರೆ ಯಾರು ನೆನಪಿಸಬೇಕು?

ನನ್ನ ಬೇಡಿಕೆ ಇಷ್ಟು. ಮುಂದಿನ ಹರಾಜಿನ ದಿನಾಂಕ ಗೊತ್ತಾದ ಕೂಡಲೇ ಬಳಗದ ಪ್ರವಾಸವನ್ನು ಅದಕ್ಕೆ ಹೊಂದಿಸೋಣ. ಕೇಂದ್ರದವರಿಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯೋಣ. ಹಿಂಡಿನ ಹತ್ತಿರ ಗದ್ದಲ ಮಾಡುವಂತಿಲ್ಲ, ಡ್ರೋನ್ ಕ್ಯಾಮೆರಾ ತರುವಂತಿಲ್ಲ. ಹರಾಜು ನೋಡಿದ ಮೇಲೆ ಬುಕ್ಕಾಂಬುಧಿಗೆ ಬನ್ನಿ. ನಮ್ಮ ಕಡೆಯ ಬಡಗಿಗಳಲ್ಲಿ ಮರದ ಚಕ್ರ ಕಟ್ಟುವುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ನೊಗ, ಮೂಕಿ, ಅಚ್ಚು, ಮಿಣಿ ಯಾವುದಕ್ಕೆ ಯಾವ ಮರ, ಯಾವ ತೊಗಲು, ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಚಕ್ರಕ್ಕೆ ಹೇಗೆ ಏರಿಸುತ್ತಾರೆ, ಎತ್ತಿಗೆ ಲಾಳ ಹೇಗೆ ಹೊಡೆಯುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲೆ ಮಾಡೋಣ. ನಮ್ಮಲ್ಲಿ ಎಂಜಿನಿಯರುಗಳಿದ್ದೀರಿ. ಏರಿನಲ್ಲಿ ಭಾರದ ಗಾಡಿಗೆ ಎಷ್ಟು ಜೋಡಿ ಹೂಡಬೇಕು, ಇಳಿಜಾರಿನಲ್ಲಿ ಹಿಂದಿನಿಂದ ಹೇಗೆ ತಡೆಯಬೇಕು ಎಂದು ಅವರ ಜೊತೆ ಕೂತು ಲೆಕ್ಕ ಹಾಕಿ. ಅಂಥ ಲೆಕ್ಕ ಕನ್ನಡದಲ್ಲಿ ಬರಹಕ್ಕಿಳಿದರೆ ತೋಪಿನ ಇತಿಹಾಸ ಬರೆಯುವವರಿಗೆ ಎಷ್ಟು ಉಪಯೋಗವಾದೀತು!

ಹಳೆಯ ಜೀಪು, ಜೋಂಗಾ ಇಟ್ಟುಕೊಂಡಿರುವ ಗೆಳೆಯರು ಅವನ್ನು ಓಡಿಸಿಕೊಂಡೇ ಬನ್ನಿ. ಊರ ಬಯಲಿನಲ್ಲಿ ನಿಮ್ಮ ಜೀಪಿನ ಪಕ್ಕದಲ್ಲೇ ಒಂದು ಜೋಡಿ ಹೋರಿ, ಒಂದು ಮರದ ಗಾಡಿ ನಿಲ್ಲಿಸೋಣ. ಶಾಲೆಯ ಮಕ್ಕಳು ಎರಡನ್ನೂ ಮುಟ್ಟಿ ನೋಡಲಿ. ಸೇನೆಯಿಂದ ನಿವೃತ್ತರಾಗಿ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬೇಸಾಯ ಮಾಡುತ್ತಿರುವ ಅಣ್ಣಂದಿರನ್ನು ಕರೆಯುತ್ತೇನೆ. ಲಾರಿಯನ್ನೂ ಎತ್ತನ್ನೂ ಹೊಡೆದು ಗೊತ್ತಿರುವ ಅವರೇ ಮಕ್ಕಳಿಗೆ ವಿವರಿಸಲಿ. ಉಪನ್ಯಾಸ ಬೇಡ.

ಸಮಯ ಉಳಿದರೆ ಅಮೃತಾಪುರ ಹತ್ತಿರವೇ ಇದೆ. 1196ರಲ್ಲಿ ಆ ಅಮೃತೇಶ್ವರ ಗುಡಿ ಕಟ್ಟಿಸಿದವನು ಹೊಯ್ಸಳ ವೀರಬಲ್ಲಾಳನ ದಂಡನಾಯಕ. ಮರುದಿನ ಉಳಿಯುವವರು ಶಿವಮೊಗ್ಗಕ್ಕೆ ಹೋಗಿ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯವನ್ನು ನೋಡಬಹುದು. ಬಿದನೂರು ನಗರದ ಹಾಳುಬಾವಿಯಲ್ಲಿ 2018ರಲ್ಲಿ ಸಿಕ್ಕ, ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳ ಸುದ್ದಿ ನಿಮಗೆಲ್ಲ ಗೊತ್ತು, ಅವನ್ನು ಇಟ್ಟಿರುವುದು ಅಲ್ಲೇ. ಆ ಕಬ್ಬಿಣವನ್ನೂ ಮದ್ದನ್ನೂ ಘಟ್ಟದ ದಾರಿಗಳಲ್ಲಿ ಸಾಗಿಸಿದ್ದು ಯಾವ ಹೆಗಲು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ಅಲ್ಲಿಗೆ ಹೋಗಿ.

ರೈಲಿನಲ್ಲಿ ಬರುವವರಿಗೆ ಅಜ್ಜಂಪುರದಲ್ಲೇ ನಿಲ್ದಾಣವಿದೆ, ಎಲ್ಲ ಗಾಡಿ ನಿಲ್ಲುವುದಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಇಳಿದರೆ ಅಲ್ಲಿಂದ ಬಸ್ಸು ಸಿಗುತ್ತದೆ. ಬಿಸಿಲಿಗೆ ಟೊಪ್ಪಿ, ಕಾವಲಿನ ಮುಳ್ಳಿಗೆ ಗಟ್ಟಿ ಚಪ್ಪಲಿ ಇರಲಿ. ಊಟ, ಮಲಗುವ ಜಾಗದ ಹೊಣೆ ನಮ್ಮದು. ಎಷ್ಟು ಜನ ಬರುತ್ತೀರಿ, ಜೀಪು ತರುವವರು ಯಾರು, ದಾಖಲೆಯ ಕೆಲಸಕ್ಕೆ ಯಾರು ಯಾವ ಭಾಗ ಹೊರುತ್ತೀರಿ ಎಂದು ಬೇಗ ತಿಳಿಸಿ. ಕೇಂದ್ರಕ್ಕೆ ಬರೆಯಬೇಕಾದ ಅನುಮತಿ ಪತ್ರದ ಕರಡನ್ನು ಸಿದ್ಧ ಮಾಡಿಟ್ಟಿದ್ದೇನೆ, ನಿಮ್ಮ ಹೆಸರುಗಳು ಬಂದ ಕೂಡಲೇ ಕಳಿಸುತ್ತೇನೆ.

ಇಂತಿ,
ನಿಮ್ಮ ಬಳಗದ ಬುಕ್ಕಾಂಬುಧಿಯ ಗೆಳೆಯ